ಪ್ರತಿ: ಡ್ರಿಪ್ ಹಾಕಿದರೆ ಅಡಿಕೆ ಸೊರಗುತ್ತದಾ?

ನಮಸ್ಕಾರ. ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಬಿಟ್ಟು ಡ್ರಿಪ್ (ಹನಿ ನೀರಾವರಿ) ಮಾಡಿದರೆ ಸಾಲಿನ ನಡುವಿನ ಮಣ್ಣು ಒಣಗಿ ಅಡಿಕೆ ಮರ ಸೊರಗೀತೇ ಎಂದು ಬದಿಯಡ್ಕದಿಂದ ಕೇಳಿದ್ದೀರಿ. ಹೆದರಬೇಡಿ. ಹೀರುವ ಬೇರುಗಳು ಹೆಚ್ಚಿನವು ಬುಡದ ಸುತ್ತ ಎರಡು ಮೂರು ಅಡಿಯೊಳಗೇ ಇರುತ್ತವೆ. ತೇವ ಇರುವಲ್ಲಿ ಹೊಸ ಬೇರೂ ಒಡೆಯುತ್ತದೆ.

ಆದರೆ ನಮ್ಮ ಮುರಮಣ್ಣಲ್ಲಿ (ಜಂಬಿಟ್ಟಿಗೆ ಮಣ್ಣು) ನೀರು ಅಗಲಕ್ಕೆ ಹರಡದೆ ಬೇಗ ಕೆಳಗಿಳಿಯುತ್ತದೆ. ಬುಡಕ್ಕೆ ತಾಗಿಸಿ ಒಂದೇ ಡ್ರಿಪ್ಪರ್ ಇಟ್ಟರೆ ಅರ್ಧ ಬೇರಿಗೆ ನೀರೇ ಸಿಗದು, ಬಿಸಿಲು ಏರಿದಾಗ ನಳ್ಳಿ (ಎಳೆ ಕಾಯಿ) ಉದುರುತ್ತದೆ. ಒಂದೂವರೆ ಅಡಿ ದೂರದಲ್ಲಿ ಮೂರು ನಾಲ್ಕು ಕಡೆ ಹನಿಯಲಿ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು ಮರಕ್ಕೆ ದಿನಕ್ಕೆ 16–20 ಲೀಟರ್. ದಿನ ತಪ್ಪಿಸಲೇಬೇಡಿ, ಒದ್ದೆಯಾಗುವ ಮಣ್ಣೇ ಸ್ವಲ್ಪ, ಬೇಗ ಒಣಗುತ್ತದೆ. ಸೊಪ್ಪು, ಸೋಗೆ ದಪ್ಪಕ್ಕೆ ಮುಚ್ಚಿ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರಾದರೂ ಫಿಲ್ಟರ್ ಬೇಕೇ ಬೇಕು.