ಡನಾಟರ್ ಕೋಟೆಯನ್ನು ಹೊರಗಿನಿಂದ ನೋಡಿ ಮರಳಿದರೆ ಸಾಲದೇ?

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಡನಾಟರ್ ಕೋಟೆಯ ಒಳಗಿರುವುದು ಪಾಳುಗೋಡೆಗಳಷ್ಟೇ ಆದ್ದರಿಂದ ಎದುರಿನ ದಿಬ್ಬದಿಂದ ಫೋಟೋ ತೆಗೆದುಕೊಂಡು ಎಡಿನ್‌ಬರೋಗೆ ಮರಳಿದರೆ ಸಾಲದೇ ಎಂದು ಕೇಳಿದ್ದೀರಿ. ಅಬರ್ಡೀನ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದಾಗ ನಾನು ಮಾಡಿದ್ದೂ ಅದನ್ನೇ. ಹತ್ತಿರದ ಪಟ್ಟಣ ಸ್ಟೋನ್‌ಹೇವನ್‌ನಿಂದ ನಡೆದು ಹೋಗಿ, ಸಮುದ್ರದಿಂದ ಸುಮಾರು 50 ಮೀಟರ್ ಎದ್ದು ನಿಂತ ಆ ಬಂಡೆಯನ್ನು ಕಂಡು, ಕಣಿವೆಗೆ ಇಳಿದು ಮತ್ತೆ ಹತ್ತಬೇಕಾದ ಮೆಟ್ಟಿಲುಗಳಿಗೆ ಬೇಸತ್ತು ದಿಬ್ಬದಿಂದಲೇ ಹಿಂದಿರುಗಿದೆ. ಆ ಚಿತ್ರಗಳನ್ನೇ ನಂಬಿ, ಇದು ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್‌ನ ಫಿರಂಗಿಗಳಿಂದ ಹಾಳಾದ ಯುದ್ಧದುರ್ಗವೆಂದು ಪ್ರಬಂಧ ಬರೆದೆ.

ಪ್ರಬಂಧ ಹಿಂದಕ್ಕೆ ಬಂದಾಗ ಅಂಚಿನಲ್ಲಿ ಒಂದೇ ಪ್ರಶ್ನೆಯಿತ್ತು: 1652ರಲ್ಲಿ ಹಾಳಾದ ಕೋಟೆಯಲ್ಲಿ 1685ರಲ್ಲಿ 167 ಕವನೆಂಟರ್ (ಚರ್ಚಿನ ಮೇಲೆ ರಾಜನ ಅಧಿಕಾರವನ್ನು ಒಪ್ಪದ ಸ್ಕಾಟಿಷ್ ಪ್ರೊಟೆಸ್ಟೆಂಟ್) ಕೈದಿಗಳನ್ನು ಕೂಡಿಹಾಕಿದ್ದು ಹೇಗೆ?

ನನ್ನ ತಪ್ಪನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಅದನ್ನು ತಿದ್ದುವುದರಲ್ಲಿ ನನ್ನ ಒಂದು ಇಡೀ ಬೇಸಿಗೆ ಕಳೆಯಿತು. ದಿಬ್ಬದಿಂದ ನೋಡಿದರೆ ನೈಋತ್ಯದ ಗೋಪುರವೇ ಕಣ್ಣು ತುಂಬುತ್ತದೆ. ಅದನ್ನು 14ನೆಯ ಶತಮಾನದ ಕೊನೆಗೆ ಸರ್ ವಿಲಿಯಂ ಕೀತ್ ಕಟ್ಟಿಸಿದನು. ಚರ್ಚಿನ ಪವಿತ್ರ ನೆಲದಲ್ಲಿ ಕಟ್ಟಿದನೆಂದು ಅವನಿಗೆ ಬಹಿಷ್ಕಾರವೂ ಆಗಿ, 1395ರಲ್ಲಿ ಪೋಪ್ ಮಧ್ಯೆ ಬರಬೇಕಾಯಿತು. ಗೋಪುರದ ಗಡಸು ಮೈಯನ್ನು ಕಂಡ ನಾನು ಅದರಾಚೆಯದೆಲ್ಲವೂ ಯುದ್ಧಕ್ಕಾಗಿಯೇ ಇದ್ದಿತೆಂದು ಊಹಿಸಿದೆ. ಆದರೆ ಈಶಾನ್ಯದಲ್ಲಿ ಅಂಗಳದ ಸುತ್ತ ಇರುವುದು, ಹೆಚ್ಚಾಗಿ 16ನೆಯ ಶತಮಾನದ ಕೊನೆಯಿಂದ ಎದ್ದ ಅರಮನೆ. ಅಲ್ಲಿ ಉದ್ದನೆಯ ಗ್ಯಾಲರಿಯಿದೆ, ದೊಡ್ಡ ಕಿಟಕಿಗಳಿವೆ. ಕಾಳಗಕ್ಕೆಂದು ಕಟ್ಟುವವರು ಅಂಥ ಕಿಟಕಿಗಳನ್ನು ಇಡುವುದಿಲ್ಲ. ಕ್ರಾಮ್‌ವೆಲ್‌ನ ಸೇನೆ ಹಾಕಿದ್ದ, 1652ರಲ್ಲಿ ಮುಗಿದ ಮುತ್ತಿಗೆಯ ಕೊನೆಯ ಹತ್ತು ದಿನ ಫಿರಂಗಿ ಗುಂಡು ಬಿದ್ದದ್ದೂ ಹಾನಿಯಾದದ್ದೂ ನಿಜ, ಆದರೆ ಕೋಟೆಯಲ್ಲಿ ಜನ ಅನಂತರವೂ ಇದ್ದರು. (ಗುಂಡು ಹಾರಿಸಿದವರು ಬಯಸಿದ್ದ ಸ್ಕಾಟ್ಲೆಂಡಿನ ಕಿರೀಟ, ರಾಜದಂಡ, ಖಡ್ಗಗಳು ಅಷ್ಟರಲ್ಲಿ ಅದೇ ಕರಾವಳಿಯ ಕಿನೆಫ್ ಎಂಬ ಹಳ್ಳಿಯ ಚರ್ಚಿನ ನೆಲದಡಿ ಸೇರಿದ್ದವು.) ಕೋಟೆಯನ್ನು ಪಾಳುಗೆಡವಿದ್ದು ವ್ಯಾಪಾರ: ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾಗಿ ಎದ್ದ 1715ರ ಜಾಕೊಬೈಟ್ ದಂಗೆಯಲ್ಲಿ ಸೇರಿದ್ದಕ್ಕಾಗಿ, ಕೋಟೆಯ ಒಡೆಯನಾಗಿದ್ದ ಕೀತ್ ಮನೆತನದ ಹತ್ತನೆಯ ಅರ್ಲ್ ಮಾರ್ಶಲ್‌ನ ಆಸ್ತಿ ಜಫ್ತಿಯಾಯಿತು, ಕೋಟೆಯನ್ನು ಕೊಂಡ ಲಂಡನ್ನಿನ ಯಾರ್ಕ್ ಬಿಲ್ಡಿಂಗ್ಸ್ ಕಂಪನಿ ಬೆಲೆಬಾಳುವುದನ್ನೆಲ್ಲ ಕಿತ್ತು ಸಾಗಿಸಿತು. ಗೋಡೆಗಳು ಎತ್ತರಕ್ಕೆ ನಿಂತಿದ್ದೂ ಛಾವಣಿಗಳು ಇಲ್ಲದಿರುವುದನ್ನು ಒಳಗೆ ನಿಂತು ನೋಡಿದ್ದರೆ ಇದು ಹತ್ತು ನಿಮಿಷದಲ್ಲಿ ಹೊಳೆಯುತ್ತಿತ್ತು.

ಆದ್ದರಿಂದ 'ಪಾಳುಗೋಡೆಗಳಷ್ಟೇ' ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಹೊರಗಿನಿಂದ ನೋಡುವುದಾದರೆ ರೈಲಿನಲ್ಲಿ ಎರಡು ಗಂಟೆ ಕೂರುವುದೇಕೆ? ಚಿತ್ರ ಎಲ್ಲೆಡೆಯೂ ಸಿಗುತ್ತದೆ. ಹೋದರೆ ಮೂರು ಗಂಟೆ ಒಳಗೇ ಇರಿ. ಗೋಪುರವನ್ನು ಕೊನೆಗೆ ಇಟ್ಟುಕೊಂಡು ಮೊದಲು ಅಂಗಳದ ಕಡೆಗೆ ನಡೆಯಿರಿ. 1925ರಿಂದ ಕೋಟೆಯ ಆಗಿನ ಒಡೆಯರಾದ ಕೌಡ್ರೆ ಕುಟುಂಬ ನಡೆಸಿದ ದುರಸ್ತಿಯಲ್ಲಿ ಮತ್ತೆ ಛಾವಣಿ ಕಂಡ ಕೋಣೆಯನ್ನೂ, ಆ 167 ಜನರನ್ನು ತುಂಬಿದ್ದ, ಕಡಲಿನತ್ತ ಕಿಟಕಿಯಿರುವ ನೆಲಮಾಳಿಗೆಯನ್ನೂ ನೋಡಿ. ಗಾಳಿ ಜೋರಾದ ದಿನಗಳಲ್ಲಿ ಕೋಟೆಯನ್ನು ಮುಚ್ಚುತ್ತಾರೆ. ರೈಲು ಹತ್ತುವ ಮೊದಲೇ ವಿಚಾರಿಸಿಕೊಳ್ಳಿ.