4294967297: ಗಂಗಾವತಿಯ ಲೇಖಕರಿಗೊಂದು ಉತ್ತರ

ಮಾನ್ಯರೆ,

4294967297 ಎಂಬ ಒಂದೇ ಸಂಖ್ಯೆಯ ಗುಣಗಳನ್ನು ಕುರಿತು ಗಂಗಾವತಿಯಿಂದ ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ಇಂಥ ವಿಷಯವನ್ನು ಕೈಬಿಡಬಾರದೆಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಲೇಖನದ ಅರ್ಧಭಾಗವನ್ನು ಅಂಕಿಗಳೇ ನುಂಗಿವೆ. ಅಂಕಿಗಳ ಮೊತ್ತ 59, ಒಂಬತ್ತು ಮೂರು ಸಲ ಬಂದಿದೆ, ಹಿಂದುಮುಂದಾಗಿ ಬರೆದರೆ ಹೀಗಾಗುತ್ತದೆ ಎಂಬ ಮಾತುಗಳು ನಿಜವಾದರೂ, ಅವು ಹತ್ತರ ಪದ್ಧತಿಯಲ್ಲಿ ಬರೆಯುವ ನಮ್ಮ ರೂಢಿಗೆ ಸೇರಿದವು. ಇದನ್ನೇ ಎರಡರ ಪದ್ಧತಿಯಲ್ಲಿ ಬರೆದರೆ, ಎರಡು 1ಗಳ ನಡುವೆ 31 ಸೊನ್ನೆಗಳು ನಿಲ್ಲುತ್ತವೆ. ಇದು 2ರ 32ನೆಯ ಘಾತಕ್ಕೆ 1 ಸೇರಿದ ಸಂಖ್ಯೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. 59 ಉಳಿಯಬೇಕಾದರೆ, ಅದು 3ರಿಂದ ಭಾಗವಾಗದ ಕಾರಣ ಮೂಲ ಸಂಖ್ಯೆಯೂ ಭಾಗವಾಗದೆಂದು ತೋರಿಸಲು ಮಾತ್ರ ಉಳಿಯಲಿ.

ಇಷ್ಟು ಅಕ್ಕಿಕಾಳು ಗಂಗಾವತಿಯ ಗಿರಣಿಗಳೆಲ್ಲ ಸೇರಿದರೂ ಹಿಡಿಸದೆಂದು ಬರೆದಿದ್ದೀರಿ. ಸಾವಿರ ಕಾಳಿಗೆ 15 ಗ್ರಾಂ ಹಿಡಿದರೂ ಒಟ್ಟು ತೂಕ ಸುಮಾರು 64 ಟನ್. ಅಷ್ಟನ್ನು ನಾಲ್ಕೈದು ಲಾರಿಗಳು ಸಾಗಿಸುತ್ತವೆ. ಆ ವಾಕ್ಯವನ್ನು ತೆಗೆಯಿರಿ.

ಇನ್ನು ಮುಖ್ಯ ಮಾತು. ಈ ಸಂಖ್ಯೆ 641 ಮತ್ತು 6700417ರ ಗುಣಲಬ್ಧವೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ. 3, 5, 17, 257, 65537 ಎಂಬ ಸಾಲಿನಲ್ಲಿ ಒಂದು ಸಂಖ್ಯೆಯಿಂದ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಮುಂದಿನದು ಬರುತ್ತದೆ. ಇವೆಲ್ಲ ಅವಿಭಾಜ್ಯವಾಗಿರುವುದರಿಂದ ಮುಂದಿನ ಸಂಖ್ಯೆಯಾದ 4294967297 ಕೂಡ ಅವಿಭಾಜ್ಯವೇ ಎಂದು ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. ಅವರು ಅದನ್ನು ಸಾಧಿಸಿ ತೋರಿಸಿದ್ದರೆಂದು ನೀವು ಬರೆದಿರುವುದು ಸರಿಯಲ್ಲ. ಅದು ಹಾಗಲ್ಲವೆಂದು 1732ರಲ್ಲಿ ತೋರಿಸಿದವರು ಸ್ವಿಸ್ ಗಣಿತಜ್ಞ ಆಯ್ಲರ್. ಅವರು ಸಿಕ್ಕ ಸಿಕ್ಕ ಸಂಖ್ಯೆಗಳಿಂದ ಭಾಗಿಸುತ್ತ ಕೂರಲಿಲ್ಲ. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕೆಂದು ಕಂಡುಕೊಂಡ ಮೇಲೆ ಪರೀಕ್ಷಿಸಬೇಕಾದವು 193, 257, 449, 577, 641 ಮಾತ್ರ. ಐದನೆಯದಕ್ಕೆ ಸಂಖ್ಯೆ ಒಡೆಯಿತು.

641 ಏಕೆ ಭಾಗಿಸುತ್ತದೆಂಬುದನ್ನು ಹತ್ತನೆಯ ತರಗತಿಯ ಬೀಜಗಣಿತದಲ್ಲೇ ತೋರಿಸಬಹುದು. 641 ಎಂದರೆ 625 ಮತ್ತು 16ರ ಮೊತ್ತ, ಅಂದರೆ 5ರ ಮತ್ತು 2ರ ನಾಲ್ಕನೆಯ ಘಾತಗಳ ಮೊತ್ತ. ಅದೇ 641, 5ನ್ನು 128ರಿಂದ ಗುಣಿಸಿ 1 ಕೂಡಿಸಿದರೂ ಬರುತ್ತದೆ. 2ರ 32ನೆಯ ಘಾತವನ್ನು 16 ಮತ್ತು 2ರ 28ನೆಯ ಘಾತದ ಗುಣಲಬ್ಧವಾಗಿ ಬಿಡಿಸಿ, 16ರ ಜಾಗದಲ್ಲಿ 641ರಿಂದ 625 ಕಳೆದದ್ದನ್ನು ಇಟ್ಟರೆ, 641ರ ಒಂದು ಗುಣಕದಿಂದ 640ರ ನಾಲ್ಕನೆಯ ಘಾತ ಕಳೆದಂತಾಗುತ್ತದೆ. 640 ಎಂಬುದು 641ಕ್ಕಿಂತ ಒಂದು ಕಡಿಮೆಯಾದ್ದರಿಂದ ಅದರ ನಾಲ್ಕನೆಯ ಘಾತವನ್ನು 641ರಿಂದ ಭಾಗಿಸಿದಾಗ ಶೇಷ 1. ಆ ಕಳೆದ ಒಂದನ್ನು ಕೊನೆಯಲ್ಲಿ ಕೂಡಿಸುವ ಒಂದು ಸರಿದೂಗಿಸುತ್ತದೆ. ಇಷ್ಟು ಸೊಗಸಾದ ವಾದವನ್ನು ಓದುಗರಿಂದ ಮರೆಮಾಡಬೇಡಿ. ಅವರು ಕಾಗದ ಪೆನ್ನು ಹಿಡಿದು ನಿಮ್ಮ ಜೊತೆ ಲೆಕ್ಕ ಮಾಡುವಂತೆ, ಒಂದೊಂದು ಹೆಜ್ಜೆಗೆ ಒಂದೊಂದು ವಾಕ್ಯ ಕೊಟ್ಟು ನಿಧಾನವಾಗಿ ಬರೆಯಿರಿ.

6700417 ಸ್ವತಃ ಅವಿಭಾಜ್ಯ ಎಂಬುದನ್ನೂ ಸೇರಿಸಿ. ಇಲ್ಲದಿದ್ದರೆ ಅಪವರ್ತನ ಅಲ್ಲಿಗೆ ಮುಗಿಯಿತೋ ಇಲ್ಲವೋ ಎಂಬ ಸಂಶಯ ಉಳಿಯುತ್ತದೆ. 64ರ ನಿಯಮ ಅದಕ್ಕೂ ಅನ್ವಯಿಸುವುದರಿಂದ, ವರ್ಗಮೂಲವಾದ ಸುಮಾರು 2588ರವರೆಗೆ, 641ರಿಂದ ಆರಂಭಿಸಿ ಏಳು ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು. ಆ ಏಳು ಭಾಗಾಕಾರಗಳನ್ನು ನೀವೇ ಮಾಡಿ, ಶೇಷಗಳ ಸಮೇತ ಬರೆದು ಕಳುಹಿಸಿ.

ಇಂತಿ,
ಸಂಪಾದಕ, ಕೊಪ್ಪಳ