ಮೂರು ಜಿಬಿ ಫೈಲು, ಅರ್ಧ ಜಿಬಿ ಮೆಮೊರಿ

ಪ್ರಶ್ನೆ: ಕ್ಲೋಜರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. 3 ಜಿಬಿಯ ಲಾಗ್ ಫೈಲನ್ನು, ಸಾಲು ಸಾಲಾಗಿ ಕೊಡುವ ಲೈನ್-ಸೀಕ್‌ನಿಂದ ಓದಿ, ಲೆಟ್‌ನಲ್ಲಿ 'ಸಾಲುಗಳು' ಎಂದು ಹೆಸರಿಟ್ಟೆ. ರೆಡ್ಯೂಸ್‌ನಿಂದ ಒಟ್ಟು ಸಮಯ ಕೂಡಿಸಿ, ಆಮೇಲೆ ಕೌಂಟ್‌ನಿಂದ ಭಾಗಿಸಿ ಸರಾಸರಿ ತೆಗೆಯಲು ಹೋದರೆ ಔಟ್ ಆಫ್ ಮೆಮೊರಿ. ಹೀಪ್ (ಪ್ರೋಗ್ರಾಂಗೆ ಸಿಗುವ ಮೆಮೊರಿ) 512 ಎಂಬಿ. ಬರೀ ಕೌಂಟ್ ಮಾಡಿದರೆ ಸಲೀಸಾಗಿ ಮುಗಿಯುತ್ತದೆ. ಲೇಜಿ ಸೀಕ್ವೆನ್ಸ್ ಅಂದರೆ ಒಂದೊಂದೇ ಸಾಲು ಬರುತ್ತದೆ ಅಲ್ವಾ? ಮತ್ತೆ ಮೆಮೊರಿ ತುಂಬುವುದು ಯಾಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬರುವುದೇನೋ ಒಂದೊಂದೇ. ಬಂದದ್ದು ಹೋಗುತ್ತಿಲ್ಲ, ಅದೇ ತೊಂದರೆ.

ಕಂಡಕ್ಟರ್ ಕೈಯ ಟಿಕೆಟ್ ಮಷಿನ್ ನೋಡಿದ್ದೀರಲ್ಲ. ಒತ್ತಿದರೆ ಮಾತ್ರ ಚೀಟಿ ಬರುತ್ತದೆ. ಹರಿದು ಕೊಡುತ್ತಾ ಹೋದರೆ ಗಲಾಟೆಯಿಲ್ಲ. ಮೊದಲ ಚೀಟಿಯ ತುದಿ ಹಿಡಿದುಕೊಂಡು ಯಾರೋ ಹರಿಯಲು ಬಿಡದಿದ್ದರೆ, ಹರಿಹರ ಬರುವಷ್ಟರಲ್ಲಿ ಬಸ್ ತುಂಬ ಕಾಗದ.

ಕ್ಲೋಜರ್‌ನ ಲೇಜಿ ಸೀಕ್ವೆನ್ಸ್ ಒಮ್ಮೆ ಓದಿದ ಸಾಲನ್ನು ನೆನಪಿಟ್ಟುಕೊಳ್ಳುತ್ತದೆ. ಪ್ರತಿ ಸಾಲಿಗೂ ಮುಂದಿನದು ಅಂಟಿಕೊಂಡಿರುತ್ತದೆ. ಮೊದಲನೆಯದು ನಿಮ್ಮ ಕೈಲಿದ್ದರೆ ಅಲ್ಲಿವರೆಗೆ ಓದಿದ್ದೆಲ್ಲ ನಿಮ್ಮ ಕೈಲಿದ್ದ ಹಾಗೇ. ಬೇಡವಾದ ಮೆಮೊರಿ ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಒಂದನ್ನೂ ಮುಟ್ಟುವುದಿಲ್ಲ. ರೆಡ್ಯೂಸ್ ಓಡುವಾಗ 'ಸಾಲುಗಳು' ಇನ್ನೂ ಕೌಂಟ್‌ಗೆ ಬೇಕಿದೆ. ಹಾಗಾಗಿ ತುದಿ ಬಿಡುವಂತಿಲ್ಲ. ಬರೀ ಕೌಂಟ್ ಇದ್ದಾಗ ಆ ಹೆಸರಿಗೆ ಅದೇ ಕೊನೆಯ ಕೆಲಸ. ಕೌಂಟ್‌ಗೆ ಒಪ್ಪಿಸುವಾಗಲೇ ಕ್ಲೋಜರ್ ಅದನ್ನು ಖಾಲಿ ಮಾಡುತ್ತದೆ. ಇದಕ್ಕೆ ಲೋಕಲ್ಸ್ ಕ್ಲಿಯರಿಂಗ್ ಅಂತ ಹೆಸರು.

ಎರಡು ಸಲ ನಡೆಯುವ ದಾರಿಯನ್ನು ಒಂದೇ ಸಲ ನಡೆಯಿರಿ. ರೆಡ್ಯೂಸ್‌ಗೆ ಶುರುವಿಗೆ ಎರಡು ಸೊನ್ನೆಗಳ ವೆಕ್ಟರ್ (ಎರಡು ಮನೆಗಳ ಪಟ್ಟಿ) ಕೊಡಿ. ಪ್ರತಿ ಸಾಲಿಗೂ ಮೊದಲ ಮನೆಗೆ ಸಮಯ, ಎರಡನೆಯದಕ್ಕೆ ಒಂದು ಸೇರಿಸಿ. ಕೊನೆಗೆ ಭಾಗಿಸಿ. ಲೈನ್-ಸೀಕ್‌ಗೆ ಹೆಸರೇ ಬೇಡ, ನೇರ ರೆಡ್ಯೂಸ್‌ಗೆ ಕೊಡಿ. ಎಲ್ಲವೂ ವಿತ್-ಓಪನ್ (ಕೆಲಸ ಮುಗಿದೊಡನೆ ಫೈಲು ಮುಚ್ಚುವಂಥದ್ದು) ಒಳಗೇ ಮುಗಿಯಲಿ. ಸೀಕ್ವೆನ್ಸನ್ನು ಹೊರಗೆ ತಂದು, 'ಸ್ಟ್ರೀಮ್ ಕ್ಲೋಸ್ಡ್' ಎಂದು ಬೈಸಿಕೊಂಡು, ಸುಮ್ನೆ ಡೂಆಲ್ (ಎಲ್ಲವನ್ನೂ ಈಗಲೇ ಓದು ಎನ್ನುವ ಆಜ್ಞೆ) ಹಾಕುವವರು ಜಾಸ್ತಿ. ಹಾಕಿದರೆ 3 ಜಿಬಿಯೂ ಮತ್ತೆ ಮೆಮೊರಿಗೇ ಬರುತ್ತದೆ.

ನಾನೂ ಇದರಲ್ಲಿ ಬಿದ್ದವನೇ. ರಾತ್ರಿ ಎರಡೂವರೆಗೆ ಓಡುವ ಬಿಲ್ಲಿಂಗ್ ಕೆಲಸ. ತಿಂಗಳ ಕೊನೆಗೆ ಫೈಲು ದಪ್ಪಗಾಗಿ ಬಿತ್ತು. ಲೆಟ್‌ಗಳನ್ನೆಲ್ಲ ತಡಕಿದೆ, ಏನೂ ಸಿಗಲಿಲ್ಲ. ಮೂರನೇ ರಾತ್ರಿ ಹೀಪ್ ಡಂಪ್ (ಆ ಕ್ಷಣದ ಮೆಮೊರಿಯ ನಕಲು) ತೆಗೆದು, ಅದನ್ನು ನೋಡುವ ಸಾಧನ ಎಕ್ಲಿಪ್ಸ್ ಮ್ಯಾಟ್‌ನಲ್ಲಿ ತೆರೆದೆ. ಲಕ್ಷಗಟ್ಟಲೆ ಸ್ಟ್ರಿಂಗ್. ಫೈಲಿನ ಶುರುವಿನ ಒಂದು ಸಾಲು ಹುಡುಕಿ, ಅದನ್ನು ಯಾರು ಹಿಡಿದಿದ್ದಾರೆಂದು ತೋರಿಸುವ 'ಪಾತ್ ಟು ಜಿಸಿ ರೂಟ್ಸ್' ಒತ್ತಿದೆ. ಕಾನ್ಸ್, ಲೇಜಿಸೀಕ್, ಕಾನ್ಸ್, ಲೇಜಿಸೀಕ್ ಎಂದು ಸೀಕ್ವೆನ್ಸಿನ ಕೊಂಡಿಗಳ ಮೇಲೆ ಹಿಂದೆ ಹಿಂದೆ ಹೋಗಿ ಒಂದು ವಾರ್ (ಇಡೀ ಪ್ರೋಗ್ರಾಂಗೆ ಕಾಣುವ ಹೆಸರು) ಹತ್ತಿರ ನಿಂತಿತು. ಟೆಸ್ಟಿಗೆಂದು ಕೋಡ್ ಫೈಲಿನ ತಲೆಯಲ್ಲಿ ನಾನೇ ಬರೆದು ಮರೆತ ಡೆಫ್, ಅಂಥ ಹೆಸರಿಡುವ ಸಾಲು! ಡೆಫ್‌ಗೆ ಲೋಕಲ್ಸ್ ಕ್ಲಿಯರಿಂಗ್ ಅನ್ವಯಿಸುವುದಿಲ್ಲ. ಪ್ರೋಗ್ರಾಂ ಇರುವ ತನಕ ಅದು ತುದಿ ಹಿಡಿದೇ ಇರುತ್ತದೆ. ಆ ಒಂದು ಸಾಲು ಅಳಿಸಿದೆ, ಸರಿಹೋಯಿತು.

ನಿಮ್ಮದನ್ನು ತಿದ್ದಿದ ಮೇಲೆ ಹೀಪನ್ನು 64 ಎಂಬಿಗೆ ಇಳಿಸಿ ಓಡಿಸಿ. 3 ಜಿಬಿಯೂ ದಾಟಿದರೆ ಯಾರೂ ತುದಿ ಹಿಡಿದಿಲ್ಲ ಅಂತ. ಆದರೆ ಒಂದೊಂದೇ ಸಾಲು ಟೈಪಿಸಿ ಉತ್ತರ ನೋಡುವ ರೆಪ್ಲ್‌ನಲ್ಲಿ ಪರೀಕ್ಷಿಸಬೇಡಿ. ಅದು ಕೊನೆಯ ಮೂರು ಉತ್ತರಗಳನ್ನು ತಾನೇ ಇಟ್ಟುಕೊಂಡಿರುತ್ತದೆ. ಡಿಬಗರ್‌ಗಾಗಿ ಲೋಕಲ್ಸ್ ಕ್ಲಿಯರಿಂಗ್ ಆಫ್ ಮಾಡಿದ್ದೀರಾ ಅಂತಲೂ ನೋಡಿ; ಆಫ್ ಇದ್ದರೆ ನಿಮ್ಮ ಬರೀ ಕೌಂಟ್ ಕೂಡ ಬೀಳಬಹುದು.